ಟಿಕೆಟ್ ಲಾಟರಿ, ಮನೆ ಲಾಟರಿ: ಥಾಣೆ–ನವಿಮುಂಬಯಿ ಕನ್ನಡಿಗರಿಗೆ ಬೇಕಾದ ಲೆಕ್ಕ

2025ರ ಅಕ್ಟೋಬರ್ 11ರಂದು ಥಾಣೆಯ ಡಾ. ಕಾಶೀನಾಥ್ ಘಾಣೇಕರ್ ನಾಟ್ಯಗೃಹದಲ್ಲಿ ಮಹಾರಾಷ್ಟ್ರ ಸರಕಾರದ ಗೃಹನಿರ್ಮಾಣ ಸಂಸ್ಥೆ ಮ್ಹಾಡಾದ ಕೊಂಕಣ ಮಂಡಳಿ ಮನೆಗಳ ಡ್ರಾ ನಡೆಸಿತು. ಇದ್ದ ಮನೆಗಳು ಐದು ಸಾವಿರದ ಚಿಲ್ಲರೆ, ಬಂದ ಅರ್ಜಿಗಳು ಒಂದೂವರೆ ಲಕ್ಷಕ್ಕೂ ಮೇಲೆ. ಅದೇ ಥಾಣೆಯಿಂದ ಲೋಕಲ್ ಹಿಡಿದು ವಾಶಿಗೆ ಬಂದರೆ ಮಹಾರಾಷ್ಟ್ರ ರಾಜ್ಯ ಲಾಟರಿಯ ಕಚೇರಿ ಇದೆ. ಗಜಲಕ್ಷ್ಮಿ, ಅಕ್ಷಯ, ದೀಪಾವಳಿ ಬಂಪರ್ ಮುಂತಾದ ಟಿಕೆಟ್‌ಗಳ ಕಾರಭಾರ ನೋಡಿಕೊಳ್ಳುವ ಇಲಾಖೆ ಅದು. ಹೀಗೆ ಮನೆಯ ಲಾಟರಿಯೂ ಹಣದ ಲಾಟರಿಯೂ ನಮ್ಮ ಓಡಾಟದ ಹಾದಿಯಲ್ಲೇ ಇವೆ. ಎರಡರಲ್ಲೂ ಸರಕಾರದ ಮೊಹರು ಇದೆ, ಎರಡರ ಸುತ್ತಲೂ ಮೋಸಗಾರರಿದ್ದಾರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಣದ ಲಾಟರಿಯ ಲೆಕ್ಕ ಗೊತ್ತಿದ್ದವರು ಅದಕ್ಕೆ ಚಿಲ್ಲರೆ ಕಾಸಿಗಿಂತ ಹೆಚ್ಚು ಹಾಕುವುದಿಲ್ಲ. ಮನೆ ಲಾಟರಿ ಹಾಗಲ್ಲ. ಅಲ್ಲಿ ಸೋತರೂ ಠೇವಣಿ ವಾಪಸ್ ಬರುತ್ತದೆ, ಕಾಗದಪತ್ರ ಸರಿಯಿದ್ದವರಿಗೆ ನಿಜವಾದ ಅವಕಾಶವೂ ಇದೆ. ಆದರೆ ನಮ್ಮ ಜನ ಟಿಕೆಟ್ ಅಂಗಡಿಯ ಮುಂದೆ ನಿಲ್ಲುವಷ್ಟು ಸಲೀಸಾಗಿ ತಹಸೀಲ್ದಾರ್ ಕಚೇರಿಯ ಮುಂದೆ ನಿಲ್ಲುವುದಿಲ್ಲ. ಈ ಲೇಖನ ಅವರಿಗಾಗಿ.

ಯಾವುದು ಕಾನೂನುಬದ್ಧ, ಯಾವುದು ಅಲ್ಲ

ನಮ್ಮ ದೇಶದಲ್ಲಿ ಖಾಸಗಿಯವರು ಲಾಟರಿ ನಡೆಸುವಂತಿಲ್ಲ, ರಾಜ್ಯ ಸರಕಾರವೇ ನಡೆಸಬೇಕು. 1998ರ ಲಾಟರಿ (ನಿಯಂತ್ರಣ) ಕಾಯ್ದೆ ಅದಕ್ಕೆ ಷರತ್ತು ಹಾಕಿದೆ. ಟಿಕೆಟನ್ನು ರಾಜ್ಯ ಸರಕಾರವೇ ತನ್ನ ಮುದ್ರೆಯೊಂದಿಗೆ ಅಚ್ಚು ಹಾಕಿಸಬೇಕು, ಡ್ರಾ ಆ ರಾಜ್ಯದೊಳಗೇ ಆಗಬೇಕು, ಒಂದು ಲಾಟರಿಗೆ ವಾರಕ್ಕೆ ಒಂದೇ ಡ್ರಾ, ಬಂಪರ್ ವರ್ಷಕ್ಕೆ ಆರು ಮೀರಬಾರದು, ಒಂದಂಕಿಯ ಮೇಲೆ ಬಹುಮಾನ ಇಡುವಂತಿಲ್ಲ. ತೊಂಬತ್ತರ ದಶಕದಲ್ಲಿ ಕರ್ನಾಟಕದಲ್ಲಿದ್ದವರಿಗೆ ಒಂದಂಕಿ ಲಾಟರಿ ಎಷ್ಟು ಮನೆಗಳ ದೀಪ ಆರಿಸಿತೆಂಬುದು ನೆನಪಿರುತ್ತದೆ. ಆ ಷರತ್ತು ಬಂದದ್ದು ಅಂಥ ಅನುಭವದಿಂದಲೇ.

ಹಾಗಾಗಿ ಸ್ಟೇಷನ್ ಬಳಿಯ ಗಾಳೆಯಲ್ಲಿ ಪರದೆಯ ಮೇಲೆ ಕಾಲು ಗಂಟೆಗೊಮ್ಮೆ ಅಂಕಿ ಓಡಿಸಿ ಹಣ ಕಟ್ಟಿಸಿಕೊಳ್ಳುವವರು ‘ಆನ್‌ಲೈನ್ ಲಾಟರಿ’ ಎಂದು ಬೋರ್ಡ್ ಹಾಕಿದ ಮಾತ್ರಕ್ಕೆ ನಂಬಬೇಡಿ. ಕೈಗೆ ಸಿಗುವ ಚೀಟಿಯಲ್ಲಿ ರಾಜ್ಯದ ಹೆಸರು, ಡ್ರಾ ದಿನಾಂಕ, ಸರಣಿಯ ಅಕ್ಷರ, ಬಾರ್‌ಕೋಡ್ ಇವೆಯೇ ನೋಡಿ. ಇಲ್ಲದಿದ್ದರೆ ಅದು ಜೂಜು. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನಂತೂ 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ನಿಷೇಧಿಸಿದೆ.

ಇನ್ನು ಮಟ್ಕಾ. ‘ಕಲ್ಯಾಣ್’ ಎಂಬ ಹೆಸರಿನಿಂದಾಗಿ ಅದನ್ನು ನಮ್ಮ ಕಲ್ಯಾಣ್ ಊರಿಗೆ ಅಂಟಿಸುವವರಿದ್ದಾರೆ. ಆ ಹೆಸರು ಬಂದದ್ದು 1962ರಲ್ಲಿ ವರ್ಲಿಯಲ್ಲಿ ಅದನ್ನು ಶುರುಮಾಡಿದ ಕಲ್ಯಾಣ್‌ಜಿ ಭಗತ್ ಅವರಿಂದ. ಅದಕ್ಕೂ ಮೊದಲು ಮುಂಬಯಿಯವರು ನ್ಯೂಯಾರ್ಕ್ ಹತ್ತಿ ಮಾರುಕಟ್ಟೆಯಿಂದ ತಂತಿಯಲ್ಲಿ ಬರುತ್ತಿದ್ದ ಆರಂಭದ ದರ, ಮುಕ್ತಾಯದ ದರಗಳ ಮೇಲೆ ಪಣ ಕಟ್ಟುತ್ತಿದ್ದರು. ಅದು ನಿಂತಾಗ ಮಡಕೆಯಿಂದ ಚೀಟಿ ಎತ್ತುವ ಆಟ ಹುಟ್ಟಿತು. ಮಟ್ಕಾ ಅಂದಿಗೂ ಇಂದಿಗೂ ಕಾನೂನುಬಾಹಿರ.

ಜನ ಇಂಥ ಕಡೆ ಸುರಿಯುವ ಹಣವನ್ನು ಸರಕಾರದ ಖಜಾನೆಗೆ ತಿರುಗಿಸಬೇಕೆಂಬ ಯೋಚನೆ ಆ ದಶಕದಲ್ಲಿ ಹಲವು ಕಡೆ ಒಟ್ಟಿಗೇ ಬಂದಿತ್ತು. ಕೇರಳ 1967ರಲ್ಲಿ ಲಾಟರಿ ಇಲಾಖೆ ತೆರೆಯಿತು. ಒಂದು ರೂಪಾಯಿ ಟಿಕೆಟ್, 50 ಸಾವಿರ ರೂಪಾಯಿ ಮೊದಲ ಬಹುಮಾನ, ಮೊದಲ ಡ್ರಾ 1968ರ ಜನವರಿ 26ಕ್ಕೆ. ಅದೇ 1968ರಲ್ಲಿ ಸಿಂಗಾಪುರ ಸರಕಾರ ಗುಪ್ತ ಜೂಜನ್ನು ಹಣಿಯಲೆಂದು ‘ಸಿಂಗಾಪುರ್ ಪೂಲ್ಸ್’ ಕಟ್ಟಿತು. 1969ರಲ್ಲಿ ಮಹಾರಾಷ್ಟ್ರ ಲಾಟರಿ ಬಂತು.

ಕರ್ನಾಟಕ ಮಾತ್ರ ಬೇರೆ ದಾರಿ ಹಿಡಿಯಿತು. 2007ರ ಏಪ್ರಿಲ್ 1ರಿಂದ ಅಲ್ಲಿ ಲಾಟರಿ ಪೂರ್ತಿ ಬಂದ್. ತಮಿಳುನಾಡು 2003ರಲ್ಲೇ ನಿಲ್ಲಿಸಿತ್ತು. ಬೇರೆ ರಾಜ್ಯದ ಟಿಕೆಟನ್ನಷ್ಟೇ ತಡೆದು ತನ್ನದನ್ನು ಮಾರಿಕೊಳ್ಳಲು ಯಾವ ರಾಜ್ಯಕ್ಕೂ ಆಗದು. ತನ್ನ ಲಾಟರಿಯನ್ನೂ ಮುಚ್ಚಿದ ರಾಜ್ಯ ಮಾತ್ರ ಇತರರದನ್ನು ನಿಷೇಧಿಸಬಹುದೆಂದು ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿದೆ. ಹೊರರಾಜ್ಯದ ಟಿಕೆಟ್ ಬೇಡವೆಂದರೆ ಕರ್ನಾಟಕ ತನ್ನದಕ್ಕೂ ಬಾಗಿಲು ಹಾಕಲೇಬೇಕಿತ್ತು.

ಕೇರಳದ ಟಿಕೆಟ್, ಕನ್ನಡಿಗರ ಕೈ

ಊರಿಗೆ ಹೋದ ಕರಾವಳಿಯವರು ತಲಪಾಡಿ ದಾಟಿ ಕಾಸರಗೋಡಿನ ಕಡೆ ಹೋದಾಗ ಟಿಕೆಟ್ ಕೊಳ್ಳುವುದು ಹೊಸತಲ್ಲ. ಕೊಳ್ಳುವ ಮೊದಲು ಕೆಲವು ಸಂಗತಿ ತಿಳಿದಿರಲಿ. ಕೇರಳ ಲಾಟರಿ ಕಾಗದದ ಟಿಕೆಟ್ ಮಾತ್ರ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿ ‘ನಿಮ್ಮ ಹೆಸರಿಗೆ ತೆಗೆದಿಟ್ಟಿದ್ದೇನೆ’ ಎನ್ನುವವನಿಗೆ ಡೊಂಬಿವಲಿಯಲ್ಲಿ ಕೂತು ಹಣ ಕಳಿಸಿದರೆ, ಟಿಕೆಟ್ ಅವನ ಕೈಯಲ್ಲಿದೆ, ಬಹುಮಾನವೂ ಅವನದೇ. ಮೂಲ ಟಿಕೆಟ್ ಯಾರ ಬಳಿ ಇದೆಯೋ ಅವರಿಗೆ ಹಕ್ಕು.

ತಿರುವನಂತಪುರದ ಗೋರ್ಕಿ ಭವನದಲ್ಲಿ ಮಧ್ಯಾಹ್ನ ಮೂರಕ್ಕೆ ಡ್ರಾ ನಡೆಯುತ್ತದೆ. ಸಾಲಾಗಿ ಜೋಡಿಸಿದ ಚಕ್ರಗಳು, ಒಂದೊಂದು ಚಕ್ರದಲ್ಲೂ ಅಂಕಿಗಳು. ಗುಂಡಿ ಒತ್ತಿದರೆ ತಿರುಗಿ ನಿಲ್ಲುತ್ತವೆ, ನಿಂತ ಅಂಕಿಗಳನ್ನು ತೀರ್ಪುಗಾರರ ಮುಂದೆ ಓದಿ ಬರೆದುಕೊಳ್ಳುತ್ತಾರೆ. ಗೆದ್ದ ಟಿಕೆಟನ್ನು 30 ದಿನಗಳೊಳಗೆ ಒಪ್ಪಿಸಬೇಕು. 5,000 ರೂಪಾಯಿವರೆಗಿನದು ಕೇರಳದ ಲಾಟರಿ ಅಂಗಡಿಯಲ್ಲೇ ಸಿಗುತ್ತದೆ. ಅದಕ್ಕೂ ಮೇಲಿನದಕ್ಕೆ ಬ್ಯಾಂಕ್ ಅಥವಾ ಲಾಟರಿ ಕಚೇರಿ. ಹೊರರಾಜ್ಯದವರು ನೋಟರಿ ದೃಢೀಕರಿಸಿದ ದಾಖಲೆ ಕೊಡಬೇಕಾಗುತ್ತದೆ. ಆದ್ದರಿಂದ ಮುಂಬಯಿಗೆ ಬಂದು ಪರ್ಸಿನಲ್ಲಿಟ್ಟು ಮರೆತರೆ ಬಹುಮಾನ ಅಲ್ಲಿನ ಸರಕಾರಕ್ಕೇ ಉಳಿಯುತ್ತದೆ.

2024ರ ತಿರುವೋಣಂ ಬಂಪರಿನಲ್ಲಿ 25 ಕೋಟಿ ಗೆದ್ದವರು ಮಂಡ್ಯ ಜಿಲ್ಲೆಯವರು, ಟಿಕೆಟ್ ಕೊಂಡದ್ದು ವಯನಾಡಿನಲ್ಲಿ. ಆ ಸುದ್ದಿ ಬಂದ ಮೇಲೆ ಕನ್ನಡಿಗರಲ್ಲಿ ಆಸೆ ಚಿಗುರಿತು. 25 ಕೋಟಿ ಕೈಗೆಷ್ಟು ಬರುತ್ತದೆಂದು ಲೆಕ್ಕ ಹಾಕೋಣ. ಮೊದಲು ಏಜೆಂಟರ ಕಮಿಷನ್ ಶೇ 10, ಅಂದರೆ ಎರಡೂವರೆ ಕೋಟಿ. ಉಳಿದ 22.5 ಕೋಟಿಯ ಮೇಲೆ ಶೇ 30 ತೆರಿಗೆ ಮೂಲದಲ್ಲೇ ಕಡಿತವಾಗಿ 15.75 ಕೋಟಿ ಖಾತೆಗೆ ಬೀಳುತ್ತದೆ. ಅದಷ್ಟೂ ತನ್ನದೆಂದು ಖರ್ಚು ಮಾಡಿದವರು ಮುಂದೆ ಪೇಚಿಗೆ ಸಿಕ್ಕಿಕೊಳ್ಳುತ್ತಾರೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ತೆರಿಗೆಯ ಮೇಲೆ ಸರ್‌ಚಾರ್ಜ್, ಮತ್ತೆ ಶೇ 4 ಸೆಸ್ ಕಟ್ಟಬೇಕು. ಕೊನೆಗೆ ನಿಲ್ಲುವುದು 13 ಕೋಟಿಯ ಆಸುಪಾಸು. ದೊಡ್ಡ ಮೊತ್ತವೇ, ಆದರೆ ಪೋಸ್ಟರಿನಲ್ಲಿದ್ದುದರ ಅರ್ಧ.

ಸಣ್ಣ ಬಹುಮಾನಕ್ಕೂ ಇದೇ ನಿಯಮ. 10,000 ರೂಪಾಯಿ ಮೀರಿದರೆ ಶೇ 30 ಕಡಿತ. ಬೇರೆ ಆದಾಯವೇ ಇಲ್ಲದ ಗೃಹಿಣಿ ಒಂದು ಲಕ್ಷ ಗೆದ್ದರೂ ಸೆಸ್ ಸೇರಿ 31,200 ರೂಪಾಯಿ ತೆರಿಗೆ. ಇಲ್ಲಿ ಮೂಲ ವಿನಾಯಿತಿ ಇಲ್ಲ, ವರ್ಷವಿಡೀ ಕೊಂಡ ಟಿಕೆಟ್‌ಗಳ ಖರ್ಚನ್ನು ಕಳೆಯುವಂತಿಲ್ಲ. ಟಿಕೆಟಿನ ಬೆಲೆಯೊಳಗೂ ತೆರಿಗೆ ಕೂತಿದೆ. 2025ರ ಸೆಪ್ಟೆಂಬರ್ 22ರಿಂದ ಲಾಟರಿಗೆ ಜಿಎಸ್‌ಟಿ ಶೇ 40. ಅಂದರೆ 50 ರೂಪಾಯಿ ಟಿಕೆಟಿನಲ್ಲಿ 14 ರೂಪಾಯಿ 29 ಪೈಸೆ ಅಲ್ಲಿಗೇ ಹೋಯಿತು. ಬಹುಮಾನ, ಏಜೆಂಟರ ಪಾಲು, ಸರಕಾರದ ಲಾಭ ಎಲ್ಲ ಉಳಿದದ್ದರಲ್ಲಿ.

ನಾಲ್ಕಾರು ಜನ ಸೇರಿ ಟಿಕೆಟ್ ಕೊಳ್ಳುವ ರೂಢಿ ಹೋಟೆಲು, ಕಾರ್ಖಾನೆಗಳಲ್ಲಿ ಇದೆ. ಕೊಂಡ ದಿನವೇ ಯಾರ ಪಾಲೆಷ್ಟು, ಟಿಕೆಟ್ ಯಾರ ಬಳಿ ಎಂದು ಒಂದು ಹಾಳೆಯಲ್ಲಿ ಬರೆದು, ಟಿಕೆಟ್ ಸಂಖ್ಯೆ ನಮೂದಿಸಿ, ಎಲ್ಲರೂ ಸಹಿ ಹಾಕಿ, ಫೋಟೊ ತೆಗೆದು ಎಲ್ಲರಿಗೂ ಕಳಿಸಿ. ಬಹುಮಾನ ಬಂದ ಮೇಲೆ ಬರೆಯುತ್ತೇವೆಂದರೆ ಸ್ನೇಹ ಉಳಿಯುವುದು ಕಷ್ಟ.

ಹೊರಗಿನ ದೇಶಗಳಲ್ಲಿ

ಪ್ರಪಂಚದ ಲಾಟರಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ನಮ್ಮಲ್ಲಿಯಂತೆ ಸಂಖ್ಯೆ ಮುದ್ರಿಸಿದ ಟಿಕೆಟ್. ಎಷ್ಟು ಟಿಕೆಟ್ ಅಚ್ಚಾಗಿದೆ, ಎಷ್ಟು ಬಹುಮಾನ ಇದೆ ಎಂದು ಮೊದಲೇ ಗೊತ್ತು. ಇನ್ನೊಂದು, ಅಂಕಿಗಳನ್ನು ನೀವೇ ಆರಿಸುವ ಬಗೆ. ಅಲ್ಲಿ ಯಾರೂ ಗೆಲ್ಲದಿದ್ದರೆ ಮೊದಲ ಬಹುಮಾನದ ಮೊತ್ತ ಮುಂದಿನ ಡ್ರಾಕ್ಕೆ ಸೇರುತ್ತಾ ಬೆಟ್ಟದಂತೆ ಬೆಳೆಯುತ್ತದೆ. ಪತ್ರಿಕೆಯಲ್ಲಿ ಬರುವ ಸಾವಿರಾರು ಕೋಟಿಯ ಸುದ್ದಿಗಳೆಲ್ಲ ಈ ಎರಡನೆಯ ಬಗೆಯವು, ಗೆಲ್ಲುವುದು ಅತಿ ಕಷ್ಟವಾದವೂ ಅವೇ.

ಮೊದಲನೆಯದಕ್ಕೆ ಸ್ಪೇನಿನ ಕ್ರಿಸ್‌ಮಸ್ ಲಾಟರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1812ರಲ್ಲಿ ಕಾದಿಸ್ ನಗರದಲ್ಲಿ ಶುರುವಾದದ್ದು, ಈಗ ಪ್ರತಿ ವರ್ಷ ಡಿಸೆಂಬರ್ 22ಕ್ಕೆ ಡ್ರಾ. ಸಂಖ್ಯೆಗಳು 00000ದಿಂದ 99999ರವರೆಗೆ, ಒಟ್ಟು ಒಂದು ಲಕ್ಷ. ವೇದಿಕೆಯ ಮೇಲೆ ಎರಡು ಪಂಜರದ ಗೋಳ. ದೊಡ್ಡದರಲ್ಲಿ ಒಂದು ಲಕ್ಷ ಮರದ ಗುಂಡುಗಳು, ಒಂದೊಂದರ ಮೇಲೂ ಒಂದು ಸಂಖ್ಯೆ. ಚಿಕ್ಕದರಲ್ಲಿ 1,807 ಗುಂಡುಗಳು, ಅವುಗಳ ಮೇಲೆ ಬಹುಮಾನದ ಮೊತ್ತ. ಎರಡರಿಂದಲೂ ಒಂದೊಂದು ಗುಂಡು ಉರುಳಿ ಬಿದ್ದಂತೆ ಸಾನ್ ಇಲ್ದೆಫೊನ್ಸೊ ಶಾಲೆಯ ಮಕ್ಕಳು, ಒಬ್ಬರು ಸಂಖ್ಯೆಯನ್ನು, ಇನ್ನೊಬ್ಬರು ಮೊತ್ತವನ್ನು ರಾಗವಾಗಿ ಹಾಡುತ್ತಾರೆ. ಇಡೀ ಟಿಕೆಟ್‌ಗೆ 200 ಯೂರೊ; ಅಷ್ಟು ಕೊಡಲಾಗದವರು 20 ಯೂರೊಗೆ ಹತ್ತನೇ ಒಂದು ಪಾಲು ಕೊಳ್ಳುತ್ತಾರೆ. ಮೊದಲ ಬಹುಮಾನ ಆ ಪಾಲಿಗೆ 4 ಲಕ್ಷ ಯೂರೊ. ಮಾರಾಟದ ಶೇ 70 ಭಾಗ ಬಹುಮಾನವಾಗಿ ಜನರಿಗೇ ಹಿಂದಿರುಗುತ್ತದೆ, 40 ಸಾವಿರ ಯೂರೊ ಮೀರಿದ್ದಕ್ಕೆ ಶೇ 20 ತೆರಿಗೆ. ಎಲ್ಲರ ಕಣ್ಣೆದುರಿಗೆ ನಡೆಯುವ, ಲೆಕ್ಕ ಸ್ಪಷ್ಟವಿರುವ, ಹಣ ಒಬ್ಬನ ಮಡಿಲಿಗೇ ಸುರಿಯದೆ ಸಾವಿರಾರು ಮನೆಗಳಿಗೆ ಹಂಚಿಹೋಗುವ ಈ ಕ್ರಮ ನನಗೆ ಎಲ್ಲಕ್ಕಿಂತ ಮೆಚ್ಚುಗೆ.

ಅಮೆರಿಕದ ಪವರ್‌ಬಾಲ್ ಎರಡನೆಯ ಬಗೆ. 69 ಅಂಕಿಗಳಲ್ಲಿ ಐದು, 26ರಲ್ಲಿ ಮತ್ತೊಂದು ಸರಿಯಾಗಿ ಹೇಳಬೇಕು. ಟಿಕೆಟ್ 2 ಡಾಲರ್. ಮೊದಲ ಬಹುಮಾನದ ಸಾಧ್ಯತೆ 29 ಕೋಟಿ 22 ಲಕ್ಷದಲ್ಲಿ ಒಂದು. 2011ರ ಜನಗಣತಿಯಂತೆ ಮಹಾರಾಷ್ಟ್ರ, ಕರ್ನಾಟಕ, ತಮಿಳುನಾಡು, ಕೇರಳ ನಾಲ್ಕೂ ರಾಜ್ಯಗಳ ಜನ ಸೇರಿದರೂ 28 ಕೋಟಿ ಮುಟ್ಟುವುದಿಲ್ಲ. ಅಷ್ಟೂ ಜನರಲ್ಲಿ ಒಬ್ಬರ ಹೆಸರು ಎತ್ತಿದಾಗ ಅದು ನಿಮ್ಮದೇ ಆಗಿರಬೇಕು. 2022ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯದಲ್ಲಿ ಬಂದ 204 ಕೋಟಿ ಡಾಲರ್ ಇಂದಿಗೂ ದಾಖಲೆ. ಆದರೆ ಘೋಷಿಸುವ ಮೊತ್ತ 29 ವರ್ಷಗಳಲ್ಲಿ 30 ಕಂತಾಗಿ ಕೊಡುವುದರದ್ದು. ಒಂದೇ ಸಲ ಬೇಕೆಂದವರಿಗೆ ಆಗ ಸಿಕ್ಕಿದ್ದು ಸುಮಾರು 99.8 ಕೋಟಿ ಡಾಲರ್, ತೆರಿಗೆ ಅದರ ಮೇಲೆ. ಅಲಬಾಮ, ಅಲಾಸ್ಕ, ಹವಾಯಿ, ನೆವಾಡ, ಯೂಟಾ ರಾಜ್ಯಗಳು ಇಂದಿಗೂ ಲಾಟರಿ ನಡೆಸುವುದಿಲ್ಲ. ಜೂಜಿಗೆ ಹೆಸರಾದ ಲಾಸ್ ವೇಗಸ್ ಇರುವುದು ನೆವಾಡದಲ್ಲೇ.

ಬ್ರಿಟನ್ನಿನಲ್ಲಿ ನ್ಯಾಷನಲ್ ಲಾಟರಿ 1994ರ ನವೆಂಬರ್‌ನಲ್ಲಿ ಶುರುವಾಯಿತು. ಸರಕಾರ ಒಂದು ಕಂಪನಿಗೆ ಪರವಾನಗಿ ಕೊಟ್ಟು ನಡೆಸುತ್ತದೆ. ಮೊದಲಿಗೆ ಕ್ಯಾಮೆಲಾಟ್, 2024ರ ಫೆಬ್ರವರಿಯಿಂದ ಆಲ್‌ವಿನ್. ಗೆದ್ದ ಹಣಕ್ಕೆ ತೆರಿಗೆ ಇಲ್ಲ. ಕೆನಡ, ಆಸ್ಟ್ರೇಲಿಯ, ಜಪಾನ್, ಸಿಂಗಾಪುರಗಳಲ್ಲೂ ಇಲ್ಲ. ಬ್ರಿಟನ್ನಿನ ಲಾಟೊದಲ್ಲಿ 59ರಲ್ಲಿ ಆರು ಅಂಕಿ ಹೊಂದಬೇಕು, ಸಾಧ್ಯತೆ ನಾಲ್ಕೂವರೆ ಕೋಟಿಯಲ್ಲಿ ಒಂದು. ಥಾಯ್ಲೆಂಡಿನಲ್ಲಿ ತಿಂಗಳ 1 ಮತ್ತು 16ನೇ ತಾರೀಕಿಗೆ ಆರಂಕಿಯ ಡ್ರಾ, ಟಿಕೆಟ್ 80 ಬಾತ್, ಅಲ್ಲಿ ಹತ್ತು ಲಕ್ಷಕ್ಕೊಂದು.

ನಮ್ಮ ಮನೆಗಳಿಗೆ ಹತ್ತಿರದ್ದು ಕೊಲ್ಲಿಯ ಲಾಟರಿ. ದುಬೈ ಡ್ಯೂಟಿ ಫ್ರೀಯ ಮಿಲೆನಿಯಂ ಮಿಲಿಯನೇರ್ 1999ರಿಂದ ನಡೆದಿದೆ. ಒಂದು ಸರಣಿಗೆ 5,000 ಟಿಕೆಟ್ ಮಾತ್ರ, ಒಂದಕ್ಕೆ 1,000 ದಿರ್ಹಂ, ಬಹುಮಾನ ಹತ್ತು ಲಕ್ಷ ಡಾಲರ್. ಐದು ಸಾವಿರಕ್ಕೆ ಒಂದು ಎಂಬುದು ಲಾಟರಿ ಲೋಕದಲ್ಲಿ ಅಪರೂಪದ ಸಾಧ್ಯತೆ, ಆದರೆ ಟಿಕೆಟ್ ಬೆಲೆ ಒಬ್ಬ ಹೋಟೆಲ್ ನೌಕರನ ತಿಂಗಳ ಸಂಬಳವನ್ನು ಮುಟ್ಟುವಂಥದ್ದು. ಅಬುಧಾಬಿಯ ಬಿಗ್ ಟಿಕೆಟ್ 1992ರದು. 2024ರ ಡಿಸೆಂಬರ್‌ನಲ್ಲಿ ಯುಎಇ ಲಾಟರಿಯೂ ಶುರುವಾಗಿ, ಅದರ 10 ಕೋಟಿ ದಿರ್ಹಂ ಬಹುಮಾನ 2025ರ ಅಕ್ಟೋಬರ್‌ನಲ್ಲಿ ಒಬ್ಬ ಭಾರತೀಯನಿಗೇ ಬಂತು.

ಇಲ್ಲೊಂದು ಕಾನೂನಿನ ಗೆರೆ ಇದೆ, ಅದನ್ನು ಎಲ್ಲರೂ ತಿಳಿದಿರಬೇಕು. ಭಾರತದಲ್ಲಿ ವಾಸಿಸುವವರು ಲಾಟರಿ ಟಿಕೆಟ್ ಕೊಳ್ಳಲು ವಿದೇಶಕ್ಕೆ ಹಣ ಕಳಿಸುವುದನ್ನು ವಿದೇಶಿ ವಿನಿಮಯ ಕಾಯ್ದೆಯ 2000ದ ನಿಯಮಗಳು ನೇರವಾಗಿ ನಿಷೇಧಿಸಿವೆ. ಕಲ್ಯಾಣ್‌ನಲ್ಲಿ ಕೂತು ಕಾರ್ಡ್ ಒತ್ತಿ ಪವರ್‌ಬಾಲ್ ಟಿಕೆಟ್ ಕೊಡಿಸುತ್ತೇವೆ ಎನ್ನುವ ಜಾಲತಾಣಗಳು ಏನೇ ಭರವಸೆ ಕೊಡಲಿ, ನಿಯಮ ಮುರಿಯುವವರು ನೀವು. ಮಗ ದುಬೈಯಲ್ಲಿ ಕೆಲಸದಲ್ಲಿದ್ದು ಅಲ್ಲಿನ ದುಡಿಮೆಯಲ್ಲಿ ಕೊಂಡು ಗೆದ್ದರೆ ಅದು ಬೇರೆ ಮಾತು. ಅವನು ಅನಿವಾಸಿ ಭಾರತೀಯನಾಗಿರುವವರೆಗೆ ಆ ಹಣಕ್ಕೆ ಇಲ್ಲಿ ಆದಾಯ ತೆರಿಗೆ ಇಲ್ಲ, ತಂದೆ-ತಾಯಿಗೆ ಉಡುಗೊರೆಯಾಗಿ ಕಳಿಸಿದರೂ ಅವರಿಗೆ ತೆರಿಗೆ ಬೀಳುವುದಿಲ್ಲ. ನೀವು ಪ್ರವಾಸ ಹೋಗಿ ಗೆದ್ದರೆ ಮಾತ್ರ ಇಲ್ಲಿನ ಶೇ 30ರ ಲೆಕ್ಕ ಬರುತ್ತದೆ.

ಅಮೆರಿಕದ ‘ಗ್ರೀನ್ ಕಾರ್ಡ್ ಲಾಟರಿ’ ನಿಮಗೆ ಬಂದಿದೆ ಎಂಬ ಇಮೇಲ್ ಬಂದರೆ ಓದದೆ ಅಳಿಸಿ. ಆ ವೀಸಾ ಲಾಟರಿಗೆ ಭಾರತದಲ್ಲಿ ಹುಟ್ಟಿದವರು ಅರ್ಹರಲ್ಲ. ಅಮೆರಿಕಕ್ಕೆ ಹೆಚ್ಚು ವಲಸೆ ಹೋಗುವ ದೇಶಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ಟಿವಿ ಕಾರ್ಯಕ್ರಮ ಕೆಬಿಸಿಯ ಹೆಸರಲ್ಲಿ 25 ಲಕ್ಷ ಬಂದಿದೆ, ತೆರಿಗೆ ಮುಂಗಡ ಕಟ್ಟಿ ಎಂಬ ವಾಟ್ಸ್‌ಆ್ಯಪ್ ಧ್ವನಿಸಂದೇಶವೂ ಇದೇ ಜಾತಿಯದು. ನಿಜವಾದ ಲಾಟರಿಯಲ್ಲಿ ತೆರಿಗೆಯನ್ನು ಬಹುಮಾನದಿಂದ ಕಳೆದು ಕೊಡುತ್ತಾರೆ, ನಿಮ್ಮಿಂದ ಮೊದಲೇ ಕೇಳುವುದಿಲ್ಲ. ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಚಿಕೆಯಿಂದ ಎರಡು ದಿನ ಕಾದರೆ ಹಣ ಹತ್ತು ಖಾತೆ ದಾಟಿರುತ್ತದೆ.

ಮನೆ ಲಾಟರಿ: ತಯಾರಿ ಇಂದೇ

ಈಗ ನನಗೆ ಹೆಚ್ಚು ಮುಖ್ಯವೆನಿಸುವ ವಿಷಯಕ್ಕೆ ಬರುತ್ತೇನೆ. ಥಾಣೆ, ಡೊಂಬಿವಲಿ, ಕಲ್ಯಾಣ್ ಭಾಗಕ್ಕೆ ಮ್ಹಾಡಾದ ಕೊಂಕಣ ಮಂಡಳಿ, ನವಿಮುಂಬಯಿಗೆ ನಗರಾಭಿವೃದ್ಧಿ ನಿಗಮ ಸಿಡ್ಕೊ. ಮ್ಹಾಡಾ 1977ರಲ್ಲಿ, ಸಿಡ್ಕೊ 1970ರಲ್ಲಿ ಹುಟ್ಟಿದವು. ಮರಾಠಿ ಪತ್ರಿಕೆಗಳಲ್ಲಿ ಇವುಗಳ ಡ್ರಾಕ್ಕೆ ‘ಸೋಡತ್’ ಎಂದು ಬರೆಯುತ್ತಾರೆ. ಆ ಪದ ಕಂಡರೆ ಜಾಹೀರಾತನ್ನು ಪೂರ್ತಿ ಓದಿ.

ಮ್ಹಾಡಾ ಲಾಟರಿಗೆ ಬರುವ ಮನೆಗಳು ಒಂದೇ ಬಗೆಯವಲ್ಲ. ಶಿರಢೋಣ್, ಖೋಣಿ, ವಿರಾರ್-ಬೋಳಿಂಜ್‌ನಂಥ ಕಡೆ ಮಂಡಳಿಯೇ ಕಟ್ಟಿಸಿದವು ಕೆಲವು. ದೊಡ್ಡ ಖಾಸಗಿ ಬಿಲ್ಡರುಗಳು ತಮ್ಮ ಯೋಜನೆಯ ಶೇ 20 ಮನೆಗಳನ್ನು ಕಡಿಮೆ ದರದಲ್ಲಿ ಮ್ಹಾಡಾಕ್ಕೆ ಬಿಡಬೇಕೆಂಬ ನಿಯಮದಿಂದ ಬಂದವು ಮತ್ತೆ ಕೆಲವು. ದೊಡ್ಡ ಟೌನ್‌ಶಿಪ್‌ಗಳಿಂದ ಬರುವುದು ಶೇ 15. ಥಾಣೆ ನಗರದೊಳಗಿನ ಶೇ 20ರ ಮನೆಗೆ ಎಲ್ಲರ ಕಣ್ಣು. ಒಂದು ಮನೆಗೆ ನೂರಾರು ಅರ್ಜಿ ಬೀಳುತ್ತವೆ. ವಿರಾರ್-ಬೋಳಿಂಜ್‌ನಲ್ಲಾದರೆ ಸಾವಿರಾರು ಮನೆಗಳು ವರ್ಷಗಟ್ಟಲೆ ಮಾರಾಟವಾಗದೆ ಉಳಿದು, ಮ್ಹಾಡಾ ಅವನ್ನು ‘ಮೊದಲು ಬಂದವರಿಗೆ ಮೊದಲು’ ಎಂದು ಕೊಡಬೇಕಾಯಿತು. ಶಿರಢೋಣ್, ಖೋಣಿಯ ಮನೆಗಳನ್ನೂ ಹಾಗೆ ಮಾರಿದ್ದುಂಟು. ಆದ್ದರಿಂದ ಎರಡು ಅರ್ಜಿ ಹಾಕುವ ಶಕ್ತಿಯಿದ್ದರೆ ಒಂದು ಆಸೆಯ ಜಾಗಕ್ಕೆ, ಇನ್ನೊಂದು ಜನ ಕಡಿಮೆ ಹೋಗುವ ಜಾಗಕ್ಕೆ ಹಾಕಿ. ಆದರೆ ಅರ್ಜಿಗೆ ಮೊದಲು ಒಂದು ವಾರದ ದಿನ ಬೆಳಿಗ್ಗೆ ಅಲ್ಲಿಂದ ಸ್ಟೇಷನ್ನಿಗೆ ರಿಕ್ಷಾದಲ್ಲಿ ಹೋಗಿ ನೋಡಿ. ನೀರು ಬರುತ್ತದೆಯೇ ಎಂದು ಅಲ್ಲಿರುವವರನ್ನೇ ಕೇಳಿ. ಜಾಹೀರಾತಿನ ಚಿತ್ರದಲ್ಲಿ ಆ ಎರಡೂ ಕಾಣಿಸುವುದಿಲ್ಲ.

ಸಿಡ್ಕೊ 2024ರ ದಸರೆಗೆ 26 ಸಾವಿರ ಮನೆಗಳ ಯೋಜನೆ ಪ್ರಕಟಿಸಿತು. ವಾಶಿ, ಖಾರ್‌ಘರ್, ತಳೋಜಾ, ಮಾನಸರೋವರ್, ಖಾಂದೇಶ್ವರ್, ಬಾಮಣಡೋಂಗ್ರಿ ಮುಂತಾದ ಕಡೆಯ ಮನೆಗಳು; ಅರ್ಜಿದಾರರೇ ತಮಗೆ ಬೇಕಾದ ಜಾಗವನ್ನು ಕ್ರಮವಾಗಿ ಆರಿಸುವ ವ್ಯವಸ್ಥೆ. ಡ್ರಾ 2025ರ ಫೆಬ್ರವರಿಯಲ್ಲಿ ಆಯಿತು. ತಳೋಜಾದ ಚಿಕ್ಕ ಮನೆಗೆ 25 ಲಕ್ಷದ ಆಸುಪಾಸು, ವಾಶಿಯದಕ್ಕೆ 70 ಲಕ್ಷಕ್ಕೂ ಮೇಲೆ ದರ ಕಂಡು ಗೆದ್ದವರೂ ಹಿಂದೆ ಸರಿದರು. ಲಾಟರಿ ಎಂದ ಕೂಡಲೇ ಅಗ್ಗ ಎಂದುಕೊಳ್ಳಬಾರದು. ಅದೇ ಪರಿಸರದ ಮಾರುಕಟ್ಟೆ ದರ, ನಿಮಗೆ ಸಿಗುವ ಬ್ಯಾಂಕ್ ಸಾಲ, ತಿಂಗಳ ಕಂತು ಎಲ್ಲವನ್ನೂ ಅರ್ಜಿ ಹಾಕುವ ಮೊದಲೇ ಲೆಕ್ಕ ಹಾಕಿ.

ಮುಂಬಯಿ ಮಹಾನಗರ ಪ್ರದೇಶದಲ್ಲಿ ಮ್ಹಾಡಾದ ಆದಾಯದ ಗೆರೆ ಹೀಗಿದೆ: ವರ್ಷಕ್ಕೆ 6 ಲಕ್ಷದವರೆಗೆ ಅತಿ ಕಡಿಮೆ ಆದಾಯದ ಗುಂಪು, 9 ಲಕ್ಷದವರೆಗೆ ಕಡಿಮೆ, 12 ಲಕ್ಷದವರೆಗೆ ಮಧ್ಯಮ, ಅದಕ್ಕೂ ಮೇಲೆ ಉನ್ನತ. ಗಂಡ-ಹೆಂಡತಿ ಇಬ್ಬರ ಆದಾಯವೂ ಸೇರುತ್ತದೆ.

ನಮ್ಮ ಕುಟುಂಬಗಳು ಎಡವುವ ಕಡೆ ಬೇರೆ. ಮೊದಲನೆಯದು ಡೊಮಿಸಾಯಿಲ್ ಸರ್ಟಿಫಿಕೇಟ್. ಕಳೆದ 20 ವರ್ಷಗಳಲ್ಲಿ 15 ವರ್ಷ ಮಹಾರಾಷ್ಟ್ರದಲ್ಲಿ ವಾಸವಿದ್ದುದನ್ನು ತೋರಿಸಬೇಕು, ಸರ್ಟಿಫಿಕೇಟ್ 2018ರ ನಂತರ ಕೊಟ್ಟದ್ದೂ ಬಾರ್‌ಕೋಡ್ ಇರುವುದೂ ಆಗಿರಬೇಕು. ಹೋಟೆಲಿನ ಮಾಳಿಗೆಯಲ್ಲೇ ಮಲಗಿ, ಬಾಡಿಗೆ ಕರಾರು ಇಲ್ಲದ ಚಾಳಿನಲ್ಲಿ ಬದುಕಿ, ರೇಷನ್ ಕಾರ್ಡನ್ನು ಊರಲ್ಲೇ ಬಿಟ್ಟ ಜನ ನಮ್ಮಲ್ಲಿ ಬಹಳ. ಮೂವತ್ತು ವರ್ಷ ಇಲ್ಲಿ ದುಡಿದರೂ ಕಾಗದದಲ್ಲಿ ಅವರು ಇಲ್ಲಿಲ್ಲ! ಮಕ್ಕಳು ಓದಿದ ಕನ್ನಡ ಶಾಲೆ, ರಾತ್ರಿಶಾಲೆಗಳ ದಾಖಲೆ, ಹಳೆಯ ವಿದ್ಯುತ್ ಬಿಲ್, ಬ್ಯಾಂಕ್ ಪಾಸ್‌ಬುಕ್, ಭವಿಷ್ಯನಿಧಿ ಚೀಟಿ, ಮತದಾರರ ಪಟ್ಟಿ, ಏನೇ ಇರಲಿ ಎತ್ತಿಡಿ. ಶಾಲೆ ಮುಚ್ಚಿಹೋಗಿದ್ದರೆ ಅದರ ದಾಖಲೆ ಈಗ ಯಾರ ವಶದಲ್ಲಿದೆ ಎಂದು ಪಾಲಿಕೆಯ ಶಿಕ್ಷಣ ವಿಭಾಗದಲ್ಲಿ ವಿಚಾರಿಸಿ.

ಎರಡನೆಯದು ಊರಿನ ಮನೆ. ಮ್ಹಾಡಾ ಸಾಮಾನ್ಯವಾಗಿ ನೋಡುವುದು ಲಾಟರಿ ನಡೆಯುವ ನಗರದ ವ್ಯಾಪ್ತಿಯಲ್ಲಿ ನಿಮ್ಮ, ಸಂಗಾತಿಯ, ಅಪ್ರಾಪ್ತ ಮಕ್ಕಳ ಹೆಸರಲ್ಲಿ ಮನೆ ಇದೆಯೇ ಎಂದು. ಪ್ರಧಾನ ಮಂತ್ರಿ ಆವಾಸ್ ಯೋಜನೆಯಡಿಯ ಮನೆಗಾದರೆ ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಉಡುಪಿಯ ಹಳ್ಳಿಯಲ್ಲೋ ವಿಜಯಪುರದಲ್ಲೋ ತಂದೆ ತೀರಿಕೊಂಡ ಮೇಲೆ ಮನೆ ನಿಮ್ಮ ಹೆಸರಿಗೆ ಖಾತೆ ಆಗಿದ್ದರೆ, ಅದನ್ನು ಮುಚ್ಚಿಟ್ಟು ಪ್ರಮಾಣಪತ್ರ ಬರೆದುಕೊಡಬೇಡಿ. ಮುಂದೆ ಗೊತ್ತಾದರೆ ಮನೆಯೂ ಹೋಗುತ್ತದೆ, ಸುಳ್ಳು ಪ್ರಮಾಣದ ಕೇಸೂ ಬೀಳುತ್ತದೆ. ಆ ಯೋಜನೆ ಬಿಟ್ಟು ಬೇರೆ ಮನೆಗೆ ಅರ್ಜಿ ಹಾಕಿ.

ಮೂರನೆಯದು ಮೀಸಲಾತಿ. ಕರ್ನಾಟಕದಲ್ಲಿ ಪಡೆದ ಜಾತಿ ಪ್ರಮಾಣಪತ್ರ ತೋರಿಸಿ ಇಲ್ಲಿ ಮೀಸಲು ಮನೆ ಕೇಳಿದರೆ ಅರ್ಜಿ ತಿರಸ್ಕೃತವಾಗುತ್ತದೆ. ಆದರೆ ಅಂಗವಿಕಲರು, ಮಾಜಿ ಸೈನಿಕರು, ಪತ್ರಕರ್ತರು, ಕಲಾವಿದರು, ರಾಜ್ಯ ಮತ್ತು ಕೇಂದ್ರ ಸರಕಾರಿ ನೌಕರರಿಗೂ ಪ್ರತ್ಯೇಕ ಪಾಲಿದೆ. ರೈಲ್ವೆಯಲ್ಲಿ, ಅಂಚೆಯಲ್ಲಿ ಇರುವ ನಮ್ಮವರು ಅದನ್ನು ಗಮನಿಸುವುದೇ ಕಡಿಮೆ. ಸಾಮಾನ್ಯ ವರ್ಗದ ಗದ್ದಲಕ್ಕಿಂತ ಆ ಪಾಲಿನಲ್ಲಿ ಅರ್ಜಿಗಳು ವಿರಳ.

ಮ್ಹಾಡಾದ ಅರ್ಜಿ ಪೂರ್ತಿ ಆನ್‌ಲೈನ್. ಆಧಾರ್, ಪ್ಯಾನ್, ಡೊಮಿಸಾಯಿಲ್, ಆದಾಯ ತೆರಿಗೆ ರಿಟರ್ನ್ ಅಥವಾ ತಹಸೀಲ್ದಾರರ ಆದಾಯ ಪ್ರಮಾಣಪತ್ರ, ವಿವಾಹಿತರಾದರೆ ಸಂಗಾತಿಯ ದಾಖಲೆ ಎಲ್ಲವನ್ನೂ ಮೊದಲೇ ಏರಿಸಿ ಪರಿಶೀಲನೆ ಮುಗಿಸಬೇಕು, ಆಮೇಲೆ ಮನೆ ಆರಿಸಿ ಠೇವಣಿ ಕಟ್ಟಬೇಕು. ಅರ್ಜಿ ಶುಲ್ಕ ವಾಪಸ್ ಬರುವುದಿಲ್ಲ, ಠೇವಣಿ ಬರುತ್ತದೆ. ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಎರಡೆರಡು ಸಲ ನೋಡಿ ಬರೆಯಿರಿ. ಕರಡು ಪಟ್ಟಿ ಬಂದಾಗ ನಿಮ್ಮ ಹೆಸರು ಇಲ್ಲದಿದ್ದರೆ ಆಕ್ಷೇಪಣೆಗೆ ಕೆಲವೇ ದಿನ ಸಿಗುತ್ತದೆ. ಡ್ರಾ ಕಂಪ್ಯೂಟರಿನಲ್ಲಿ, ಎಲ್ಲರ ಎದುರು, ನೇರ ಪ್ರಸಾರದಲ್ಲಿ ನಡೆಯುತ್ತದೆ. ನಡುವೆ ಯಾರ ಕೈಯೂ ಇಲ್ಲ.

ಹಾಗಾಗಿ ‘ಒಳಗೆ ಗುರುತಿದೆ, ಕೋಟಾದಲ್ಲಿ ಮಾಡಿಸುತ್ತೇನೆ’ ಎನ್ನುವವನಿಗೆ ಒಂದು ಪೈಸೆ ಕೊಡಬೇಡಿ. ಯಾವ ಏಜೆಂಟನನ್ನೂ ನೇಮಿಸಿಲ್ಲವೆಂದು ಮ್ಹಾಡಾ ಪ್ರತಿ ಜಾಹೀರಾತಿನಲ್ಲೂ ಹೇಳುತ್ತದೆ. 2024ರಲ್ಲಿ ಮ್ಹಾಡಾ ಹೆಸರಿನ ನಕಲಿ ಜಾಲತಾಣ ಮಾಡಿ ಹಣ ಕಿತ್ತ ಪ್ರಕರಣವೂ ನಡೆದಿದೆ. ಜಾಲತಾಣದ ವಿಳಾಸ ‘ಜಿಒವಿ ಡಾಟ್ ಇನ್’ ಎಂದು ಮುಗಿಯುತ್ತದೆಯೇ ನೋಡಿಯೇ ಮುಂದುವರಿಯಿರಿ. ನಿಮ್ಮವರೇ, ಜಾತಿಯವರೇ, ಊರಿನವರೇ ಬಂದು ಹೇಳಿದಾಗ ಇನ್ನೂ ಎಚ್ಚರ ಬೇಕು, ಏಕೆಂದರೆ ಅಂಥವರಿಗೆ ರಸೀದಿ ಕೇಳಲು ನಾವು ಹಿಂಜರಿಯುತ್ತೇವೆ.

ಗೆದ್ದ ಮನೆಯನ್ನು ಮ್ಹಾಡಾ ನಿಯಮದಂತೆ ಐದು ವರ್ಷ ಮಾರುವಂತಿಲ್ಲ. ಬರೀ ಮುಖತ್ಯಾರಿ ಪತ್ರದ ಮೇಲೆ ‘ಗೆದ್ದವರಿಂದ’ ಕೊಳ್ಳುವುದು ಕೊಳ್ಳುವವರಿಗೇ ಅಪಾಯ.

ಡೊಮಿಸಾಯಿಲ್ ಸರ್ಟಿಫಿಕೇಟ್‌ಗೆ ‘ಆಪಲೆ ಸರ್ಕಾರ್’ ಜಾಲತಾಣದಲ್ಲಿ ಅರ್ಜಿ ಹಾಕಬಹುದು, ಇಲ್ಲವೇ ಕಲ್ಯಾಣ್, ಥಾಣೆ ತಹಸೀಲ್ದಾರ್ ಕಚೇರಿಗಳ ಸೇತು ಕೇಂದ್ರದಲ್ಲಿ ಕೊಡಬಹುದು. ಶಾಲೆಯ ಲೀವಿಂಗ್ ಸರ್ಟಿಫಿಕೇಟ್‌ನಲ್ಲಿ, ಆಧಾರ್‌ನಲ್ಲಿ, ಪ್ಯಾನ್‌ನಲ್ಲಿ ಹೆಸರಿನ ಕಾಗುಣಿತ ಒಂದೇ ಇದೆಯೇ ಎಂದು ಮೊದಲು ನೋಡಿ. ಊರಿನ ಹೆಸರೋ ತಂದೆಯ ಹೆಸರೋ ಒಂದರಲ್ಲಿದ್ದು ಇನ್ನೊಂದರಲ್ಲಿ ಬಿಟ್ಟುಹೋಗುವುದು ಕನ್ನಡಿಗರ ದಾಖಲೆಗಳಲ್ಲಿ ಸಾಮಾನ್ಯ. ಅದನ್ನು ಸರಿಪಡಿಸಲು ತಿಂಗಳುಗಳೇ ಹಿಡಿಯುತ್ತವೆ, ಅರ್ಜಿಯ ಕಿಟಕಿ ತೆರೆದಿರುವುದು ಕೆಲವೇ ವಾರ. ಮುಂದಿನ ಸೋಡತ್‌ನ ಜಾಹೀರಾತು ಬರುವ ಮೊದಲೇ ಈ ಒಂದು ಕೆಲಸ ಮುಗಿಸಿಡಿ.